ಅಳಿಸಿದ ಹೆಸರು ಬ್ಯಾಕಪ್‌ನಿಂದ ಮತ್ತೆ ಬಂದಾಗ

ಇವರಿಗೆ,
ಮಾನ್ಯ ಕಾರ್ಯದರ್ಶಿಗಳು, ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ, ನವದೆಹಲಿ
ಹಾಗೂ
ಮಾನ್ಯ ಅಧ್ಯಕ್ಷರು, ಭಾರತೀಯ ದತ್ತಾಂಶ ಸಂರಕ್ಷಣಾ ಮಂಡಳಿ

ವಿಷಯ: ಬ್ಯಾಕಪ್‌ಗಳಲ್ಲಿ ಉಳಿಯುವ ವೈಯಕ್ತಿಕ ಮಾಹಿತಿಯನ್ನು ಅಳಿಸುವ ಬಗ್ಗೆ ಸಣ್ಣ ವ್ಯಾಪಾರಿಗಳಿಗೆ ಸ್ಪಷ್ಟ ಸೂಚನೆ ಕೋರಿ

ಮಾನ್ಯರೇ,

ನಾನು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಹತ್ತೊಂಬತ್ತು ವರ್ಷದಿಂದ ಕಂಪ್ಯೂಟರ್ ಸರ್ವಿಸ್ ಅಂಗಡಿ ನಡೆಸುತ್ತಿದ್ದೇನೆ. ಅಂಗಡಿ ಅಂದರೆ ಹತ್ತು ಅಡಿ ಅಗಲದ ಒಂದು ಮಳಿಗೆ, ಒಂದು ಬೆಂಚು, ಬಿಚ್ಚಿಟ್ಟ ನಾಲ್ಕೈದು ಸಿಪಿಯು. ಸುತ್ತಮುತ್ತಲಿನ ಸುಮಾರು ನಲವತ್ತು ವ್ಯಾಪಾರಸ್ಥರ ಕಂಪ್ಯೂಟರುಗಳ ಎಎಂಸಿ (ವರ್ಷದ ನಿರ್ವಹಣೆಯ ಗುತ್ತಿಗೆ) ನನ್ನ ಹತ್ತಿರ ಇದೆ. ಅಡಿಕೆ ಮಂಡಿ, ಕನ್ನಡಕದ ಅಂಗಡಿ, ರಕ್ತ ಪರೀಕ್ಷೆ ಮಾಡುವ ಲ್ಯಾಬ್, ಜೋಗದ ದಾರಿಯ ಹೋಮ್‌ಸ್ಟೇಗಳು, ಎರಡು ಪತ್ತಿನ ಸಹಕಾರ ಸಂಘ, ಒಂದು ಟ್ಯೂಷನ್ ಕ್ಲಾಸು. ಇವರಲ್ಲಿ ಒಬ್ಬರಿಗೂ ತಾವು ‘ಡೇಟಾ ಫಿಡ್ಯೂಷಿಯರಿ’, ಅಂದರೆ ಜನರ ಮಾಹಿತಿ ಇಟ್ಟುಕೊಂಡು ಅದಕ್ಕೆ ಹೊಣೆಯಾದವರು, ಅಂತ ಗೊತ್ತಿಲ್ಲ. ಅವರ ಬ್ಯಾಕಪ್ ನೋಡಿಕೊಳ್ಳುವ ನಾನು ‘ಡೇಟಾ ಪ್ರೊಸೆಸರ್’, ಅಂದರೆ ಅವರ ಪರವಾಗಿ ಆ ಮಾಹಿತಿ ನಿಭಾಯಿಸುವವನು, ಅಂತ ನನಗೂ ಗೊತ್ತಿರಲಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಓದಿದ ಮೇಲೆ ಗೊತ್ತಾಯಿತು. ಸ್ಕ್ರೂಡ್ರೈವರ್ ಹಿಡಿದು ಬದುಕುವವನಿಗೆ ಅಷ್ಟು ದೊಡ್ಡ ಹೆಸರು ಕೊಟ್ಟಿದ್ದೀರಿ, ಇರಲಿ.

ಕಾಯ್ದೆಯನ್ನು ಬೈಯಲು ಈ ಪತ್ರ ಬರೆಯುತ್ತಿಲ್ಲ. ಇಂಥದ್ದೊಂದು ಕಾಯ್ದೆ ಬೇಕಿತ್ತು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಅರ್ಜಿ ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅರ್ಜಿ ಹಾಕುವಾಗ ಅವರಿಗೆ ವಯಸ್ಸು ಎಂಬತ್ತಾರು. ಆ ವಯಸ್ಸಿನವರು ಅಷ್ಟು ಓಡಾಡಿ ಗಳಿಸಿಕೊಟ್ಟ ಹಕ್ಕು ನಮ್ಮೂರಿನ ಒಂದು ಲ್ಯಾಬಿನ ಕೌಂಟರಿಗೆ ಬಂದು ಮುಟ್ಟಿದಾಗ ಏನಾಯಿತು ಅಂತ ಹೇಳುತ್ತೇನೆ.

ಅದಕ್ಕಿಂತ ಮುಂಚೆ ಮಲೆನಾಡಿನ ಸಿಡಿಲಿನ ಬಗ್ಗೆ ಒಂದು ಮಾತು. ಏಪ್ರಿಲ್ ಮುಗಿಯುತ್ತಾ ಬಂತೆಂದರೆ ಇಲ್ಲಿ ಸಂಜೆ ಗುಡುಗು ಶುರು. ಶರಾವತಿಯ ಕರೆಂಟು ಎಲ್ಲೆಲ್ಲೋ ಉರಿಯುತ್ತದೆ, ನಮ್ಮಲ್ಲಿ ಮಾತ್ರ ಮೋಡ ಕಟ್ಟಿದ ಕೂಡಲೇ ಹೋಗುತ್ತದೆ. ಹೋದರೆ ಪರವಾಗಿಲ್ಲ, ಬರುವಾಗ ಬರುವ ಹೊಡೆತವೇ ಕಷ್ಟ. ಯುಪಿಎಸ್ ಸುಡುತ್ತದೆ, ರೂಟರ್ ಸುಡುತ್ತದೆ, ಒಮ್ಮೊಮ್ಮೆ ಹಾರ್ಡ್‌ಡಿಸ್ಕೂ ಹೋಗುತ್ತದೆ. ಮೇ ತಿಂಗಳಲ್ಲಿ ನನ್ನ ಬೆಂಚಿನ ಮೇಲೆ ಸತ್ತ ರೂಟರುಗಳ ಸಾಲೇ ಇರುತ್ತದೆ. ಒಂದು ವರ್ಷ ಅಡಿಕೆ ಮಂಡಿಯವರೊಬ್ಬರ ಇಡೀ ಸೀಸನ್ನಿನ ಲೆಕ್ಕ ಹೋಯಿತು. ಯಾರಿಗೆ ಎಷ್ಟು ಮುಂಗಡ ಕೊಟ್ಟಿದ್ದರು ಅನ್ನುವುದೇ ಹೋಯಿತು. ಬೆಳೆಗಾರರು ಹೇಳಿದ್ದನ್ನೇ ನಂಬಿ ಹೊಸದಾಗಿ ಬರೆದುಕೊಂಡರು. ‘ನಮ್ಮ ಜನ ಒಳ್ಳೆಯವರು ಮಾರಾಯ, ಒಬ್ಬರಿಬ್ಬರು ಬಿಟ್ಟರೆ ಯಾರೂ ಸುಳ್ಳು ಹೇಳಲಿಲ್ಲ’ ಅಂದರು ಅವರು. ಆ ಒಬ್ಬರಿಬ್ಬರು ಯಾರು ಅಂತ ಮಾತ್ರ ಹೇಳಲಿಲ್ಲ.

ಅವತ್ತಿನಿಂದ ನಾನು ಬ್ಯಾಕಪ್ ವಿಷಯದಲ್ಲಿ ಹಟ ಹಿಡಿದೆ. ಮೂರು ಪ್ರತಿ, ಎರಡು ಬಗೆಯ ಜಾಗದಲ್ಲಿ, ಒಂದು ಪ್ರತಿ ಊರ ಹೊರಗೆ. ನಮ್ಮ ಕಸುಬಿನವರೆಲ್ಲ ಕಲಿಯುವ ಹಳೇ ಸೂತ್ರ ಇದು. ಕಂಪ್ಯೂಟರಿನಲ್ಲಿ ಒಂದು, ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿನಲ್ಲಿ ಒಂದು, ರಾತ್ರಿ ಹತ್ತರ ಮೇಲೆ ಕ್ಲೌಡಿಗೆ, ಅಂದರೆ ನೆಟ್ ಮೂಲಕ ದೂರದ ಕಂಪನಿಯ ಸರ್ವರಿಗೆ, ಒಂದು. ರಾನ್ಸಮ್‌ವೇರ್ (ಫೈಲುಗಳನ್ನು ತೆರೆಯಲಾಗದ ಹಾಗೆ ಮಾಡಿ ದುಡ್ಡು ಕೇಳುವ ವೈರಸ್) ಕಾಟ ಜಾಸ್ತಿಯಾದ ಮೇಲೆ ಕ್ಲೌಡಿನ ಪ್ರತಿಗೆ ಬೀಗವನ್ನೂ ಹಾಕಿಸಿದೆ. ಅಂದರೆ ಮೂವತ್ತು ದಿನ ಅದನ್ನು ಯಾರೂ ಅಳಿಸುವ ಹಾಗಿಲ್ಲ. ಕಳ್ಳನಿಗೆ ನನ್ನ ಪಾಸ್‌ವರ್ಡ್ ಸಿಕ್ಕರೂ ಅವನಿಂದ ಆಗುವುದಿಲ್ಲ. ನನ್ನಿಂದಲೂ ಆಗುವುದಿಲ್ಲ. ಈ ಬೀಗದ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಈಗ ಲ್ಯಾಬಿನ ಕತೆ. ಲ್ಯಾಬಿನ ಹೆಸರು ಬೇಡ. ಒಂದು ದಿನ ಮಧ್ಯಾಹ್ನ ಅಲ್ಲಿಂದ ಫೋನ್ ಬಂತು. ‘ಸ್ವಲ್ಪ ಬಂದು ಹೋಗಿ, ಒಂದು ರಿಪೋರ್ಟ್ ಡಿಲೀಟ್ ಮಾಡಬೇಕು’ ಅಂದರು. ಹೋದೆ. ಕೌಂಟರಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗಿಯೊಬ್ಬಳು ಕೂತಿದ್ದಳು. ಮಡಿಲಲ್ಲಿ ಒದ್ದೆ ಕೊಡೆ. ವಾರದ ಹಿಂದೆ ಒಂದು ಪರೀಕ್ಷೆ ಮಾಡಿಸಿದ್ದಳಂತೆ. ಯಾವ ಪರೀಕ್ಷೆ ಅಂತ ನಾನು ಬರೆಯುವುದಿಲ್ಲ. ಬರೆದರೆ ನಾನೂ ಅದೇ ತಪ್ಪು ಮಾಡಿದ ಹಾಗಾಗುತ್ತದೆ. ಅವಳ ಹೆಸರಿನ ಹಳೇ ಫೈಲಿನಲ್ಲಿ ಎಂದೋ ಬರೆಸಿದ್ದ ಫೋನ್ ನಂಬರು ಅವಳ ದೊಡ್ಡಪ್ಪನದು. ರಿಪೋರ್ಟ್ ರೆಡಿಯಾದಾಗ ಕೌಂಟರಿನವರು ಅಭ್ಯಾಸದ ಮೇಲೆ ಆ ನಂಬರಿಗೇ ವಾಟ್ಸಾಪ್ ಮಾಡಿದ್ದರು. ಸಂಜೆಯೊಳಗೆ ಮನೆಯವರಿಗೆಲ್ಲ ಗೊತ್ತಾಗಿತ್ತು. ಅವಳಿಗೆ ಗಂಡು ನೋಡುತ್ತಿದ್ದರು.

ಅವಳು ಕೂಗಾಡಲಿಲ್ಲ. ‘ಆಗಿದ್ದು ಆಯ್ತು. ಇನ್ನು ನಿಮ್ಮ ಹತ್ರ ಇರೋದನ್ನ ಪೂರ್ತಿ ತೆಗೆದುಬಿಡಿ’ ಅಂದಳು ಅಷ್ಟೇ. ನಾನು ಸಾಫ್ಟ್‌ವೇರ್ ತೆರೆದು ಅವಳೆದುರಿಗೇ ಅವಳ ದಾಖಲೆ ಅಳಿಸಿದೆ. ಅವಳು ಪರದೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

‘ಎಲ್ಲಾ ಕಡೆಯಿಂದಲೂ ಹೋಯ್ತಾ ಅಣ್ಣಾ?’

ಮಾನ್ಯರೇ, ಆ ಕ್ಷಣಕ್ಕೆ ನನ್ನ ತಲೆಯಲ್ಲಿ ಲೆಕ್ಕ ಓಡಿತು. ಕಂಪ್ಯೂಟರಿನಿಂದ ಹೋಯಿತು. ವಾಟ್ಸಾಪಿಗೆ ಕಳಿಸುವ ಮುಂಚೆ ಮಾಡಿದ ಪಿಡಿಎಫ್ ಡೌನ್‌ಲೋಡ್ ಫೋಲ್ಡರಿನಲ್ಲಿ ಇರುತ್ತದೆ. ಬೀರುವಿನ ಹಾರ್ಡ್‌ಡಿಸ್ಕಿನಲ್ಲಿ ಏಳು ದಿನದ ಏಳು ಪ್ರತಿ. ಕ್ಲೌಡಿನಲ್ಲಿ ಅವಳ ಪರೀಕ್ಷೆಯಾದ ದಿನದಿಂದ ನಿನ್ನೆಯವರೆಗೆ ದಿನಕ್ಕೊಂದು, ಎಲ್ಲಕ್ಕೂ ಬೀಗ. ತಿಂಗಳ ಕೊನೆಯ ಪ್ರತಿ ಬೇರೆ, ಅದು ವರ್ಷಗಟ್ಟಲೆ ಇರುತ್ತದೆ. ಕೌಂಟರಿನ ಫೋನಿನ ವಾಟ್ಸಾಪಿನಲ್ಲಿ ಒಂದು. ಆ ಫೋನು ರಾತ್ರಿ ತಾನಾಗಿಯೇ ಗೂಗಲ್ ಡ್ರೈವಿಗೆ ಕಳಿಸುವ ಬ್ಯಾಕಪ್‌ನಲ್ಲಿ ಇನ್ನೊಂದು. ಬೆರಳು ಮಡಚಿ ಎಣಿಸಿದರೂ ಎರಡು ಕೈ ಸಾಲದು.

‘ಹೋಯ್ತಮ್ಮ’ ಅಂದೆ.

ಕೊಡೆ ಬಿಡಿಸಿಕೊಂಡು ಅವಳು ಹೊರಟಳು. ಆ ಸುಳ್ಳು ಹೇಳಿದವನು ನಾನೇ, ಅದರಲ್ಲಿ ಬೇರೆಯವರದೇನೂ ಪಾಲಿಲ್ಲ. ಸಂಜೆ ಕೂತು ಕೈಗೆ ಸಿಕ್ಕ ಪ್ರತಿಗಳನ್ನೆಲ್ಲಾ ಅಳಿಸಿದೆ. ಬೀಗ ಹಾಕಿದವು ಹಾಗೇ ಉಳಿದವು.

ಕತೆ ಅಲ್ಲಿಗೇ ಮುಗಿದಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲವೇನೋ. ಮೂರು ವಾರದ ನಂತರ ಲ್ಯಾಬಿನ ಕಂಪ್ಯೂಟರ್ ಕೆಟ್ಟಿತು, ಹಾರ್ಡ್‌ಡಿಸ್ಕ್ ಹೋಗಿತ್ತು. ಬೀರುವಿನ ಡಿಸ್ಕೂ ಅವತ್ತು ಅದಕ್ಕೇ ಸಿಕ್ಕಿಸಿಕೊಂಡಿತ್ತು, ಅದೂ ಓದಲಿಲ್ಲ. ಕ್ಲೌಡಿನಿಂದ ಇಳಿಸಲು ಹೋದರೆ ಇತ್ತೀಚಿನ ಕೆಲವು ಪ್ರತಿಗಳು ಅರ್ಧಂಬರ್ಧ ಹೋಗಿ ಕೂತಿದ್ದವು. ನೆಟ್ಟು ಕೈಕೊಟ್ಟ ರಾತ್ರಿಗಳವು. ಸರಿಯಿದ್ದ ಪ್ರತಿ ಸಿಗುವವರೆಗೆ ಹಿಂದೆ ಹಿಂದೆ ಹೋಗಿ, ಕೊನೆಗೆ ಒಂದನ್ನು ರಿಸ್ಟೋರ್ ಮಾಡಿದೆ, ಅಂದರೆ ಕಂಪ್ಯೂಟರಿಗೆ ವಾಪಸ್ ತುಂಬಿಸಿದೆ. ಲ್ಯಾಬಿನವರಿಗೆ ಜೀವ ಬಂದ ಹಾಗಾಯಿತು, ನನಗೆ ಟೀ ತರಿಸಿದರು. ಎಲ್ಲಾ ಸರಿಯಿದೆಯಾ ಅಂತ ಪಟ್ಟಿ ಕೆಳಗೆ ಸರಿಸುತ್ತಾ ಹೋದೆ. ಅಲ್ಲಿ ಅವಳ ಹೆಸರು ಇತ್ತು. ಹೆಸರು, ವಯಸ್ಸು, ಪರೀಕ್ಷೆ, ಫಲಿತಾಂಶ, ದೊಡ್ಡಪ್ಪನ ನಂಬರು. ಎಲ್ಲವೂ ಹಾಗ್ಹಾಗೇ ವಾಪಸ್ ಬಂದಿತ್ತು.

ಎರಡನೇ ಸಲ ಅಳಿಸಿದೆ. ನೋಡದೇ ಇದ್ದಿದ್ದರೆ ಅದು ಅಲ್ಲೇ ಇರುತ್ತಿತ್ತು, ಮತ್ತೆ ಎಲ್ಲಾ ಬ್ಯಾಕಪ್‌ಗಳಿಗೂ ಹೋಗುತ್ತಿತ್ತು.

ಇದಾದ ಮೇಲೆಯೇ ನಾನು ನಿಮ್ಮ ಕಾಯ್ದೆಯನ್ನೂ 2025ರ ನವೆಂಬರ್‌ನಲ್ಲಿ ಬಂದ ನಿಯಮಗಳನ್ನೂ ಕೂತು ಓದಿದ್ದು. ಇಂಗ್ಲಿಷ್‌ನಲ್ಲಿ ಓದಿದೆ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು. ಒಂದು ವಾಕ್ಯವನ್ನು ಮೂರು ಸಲ ಓದಬೇಕಾಗಿ ಬಂದ ಜಾಗಗಳು ಬಹಳ ಇವೆ.

ನನಗೆ ಅರ್ಥವಾದದ್ದು ಇಷ್ಟು. ಮಾಹಿತಿ ಕೊಟ್ಟವರು ಒಪ್ಪಿಗೆ ಹಿಂದೆ ಪಡೆದರೆ, ಅಥವಾ ಮಾಹಿತಿ ಪಡೆದ ಕೆಲಸ ಮುಗಿದರೆ, ವ್ಯಾಪಾರಸ್ಥ ಅದನ್ನು ಅಳಿಸಬೇಕು. ತನ್ನ ಪ್ರೊಸೆಸರ್ ಹತ್ತಿರ ಇರುವುದನ್ನೂ ಅಳಿಸಬೇಕು. ಬೇರೆ ಕಾನೂನಿನ ಪ್ರಕಾರ ಇಟ್ಟುಕೊಳ್ಳಲೇಬೇಕಾದ್ದು ಇದ್ದರೆ ಅದಕ್ಕೆ ಬಿಡುವು ಇದೆ. ಇದು ಕಾಯ್ದೆಯ 8ನೇ ಕಲಂ. ಸರಿಯಾದ ಮಾತೇ.

ಇನ್ನು ನಿಯಮಗಳಿಗೆ ಬಂದರೆ, 6ನೇ ನಿಯಮದಲ್ಲಿ ಭದ್ರತೆಗೆ ಏನೇನು ಬೇಕು ಅಂತ ಹೇಳುವಾಗ ಬ್ಯಾಕಪ್ ಬೇಕು ಅಂತ ಹೆಸರು ಹಿಡಿದೇ ಹೇಳಿದ್ದೀರಿ. ಇದೂ ಸರಿಯಾದ ಮಾತೇ. ಮಾಹಿತಿ ಕೈತಪ್ಪಿ ಹೋಗುವುದನ್ನೂ ಕಾಯ್ದೆ ‘ಉಲ್ಲಂಘನೆ’ ಅನ್ನುತ್ತದೆ. ಕದ್ದು ಹೋದರೆ ಮಾತ್ರ ಅಲ್ಲ, ನಾಶವಾದರೂ, ತೆರೆಯಲು ಬಾರದ ಹಾಗಾದರೂ ಅದು ಉಲ್ಲಂಘನೆ. ಅಂದರೆ ಬ್ಯಾಕಪ್ ಇಲ್ಲದ ಅಂಗಡಿಗೆ ಸಿಡಿಲು ಬಡಿದು ಗಿರಾಕಿಗಳ ದಾಖಲೆ ಹೋದರೆ ಆ ಅಂಗಡಿಯವನೂ ಮಂಡಳಿಗೆ ತಿಳಿಸಬೇಕು, 72 ಗಂಟೆಯೊಳಗೆ ವಿವರ ಕೊಡಬೇಕು, ಗಿರಾಕಿಗಳಿಗೂ ಹೇಳಬೇಕು. ನನ್ನ ಗಿರಾಕಿಗಳಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ. ‘ಸಿಡಿಲು ನಾನು ಕರೆದೆನಾ?’ ಅನ್ನುತ್ತಾರೆ.

ಜೊತೆಗೆ 8ನೇ ನಿಯಮದಲ್ಲಿ ಇನ್ನೊಂದಿದೆ. ಸರ್ಕಾರ ಕೆಲವು ಕಾರಣಗಳಿಗೆ ಕೇಳಬಹುದು, ಆದ್ದರಿಂದ ವೈಯಕ್ತಿಕ ಮಾಹಿತಿಯನ್ನೂ ಲಾಗ್‌ಗಳನ್ನೂ (ಯಾರು ಯಾವಾಗ ಏನು ಮಾಡಿದರು ಅನ್ನುವ ಕಂಪ್ಯೂಟರಿನ ದಾಖಲೆ) ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕು ಅಂತ. ಹಾಗಾದರೆ ಆ ಹುಡುಗಿ ಕೇಳಿದ ದಿನವೇ ನಾನು ಅಳಿಸಿದ್ದು ಸರಿಯೋ ತಪ್ಪೋ? ಇನ್ನು ಮುಂದೆ ಅವಳಂಥವರು ಬಂದರೆ ಲ್ಯಾಬಿನವರು ‘ಒಂದು ವರ್ಷ ಬಿಟ್ಟು ಬಾರಮ್ಮ’ ಅನ್ನಬೇಕೋ? ನಿಯಮ ಓದಿದರೆ ಎರಡೂ ಸರಿ ಅನ್ನಿಸುತ್ತದೆ. ನನ್ನ ಪರಿಚಯದ ಇಬ್ಬರು ವಕೀಲರನ್ನು ಕೇಳಿದೆ. ಒಬ್ಬರು ಒಂದು ಹೇಳಿದರು, ಇನ್ನೊಬ್ಬರು ಅದರ ಉಲ್ಟಾ ಹೇಳಿದರು. ಫೀಸು ಮಾತ್ರ ಇಬ್ಬರೂ ತೆಗೆದುಕೊಳ್ಳಲಿಲ್ಲ, ಅದನ್ನು ಹೇಳಲೇಬೇಕು.

ಉಳಿದ ಇಲಾಖೆಗಳೂ ಸುಮ್ಮನಿಲ್ಲ. ಜಿಎಸ್‌ಟಿಯವರಿಗೆ ಲೆಕ್ಕಪತ್ರ 72 ತಿಂಗಳು ಇಡಬೇಕು, ಅದೂ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನದಿಂದ ಎಣಿಸಿ. ಕಂಪನಿ ಅಂತ ನೋಂದಾಯಿಸಿಕೊಂಡವರು ಲೆಕ್ಕದ ಪುಸ್ತಕಗಳ ಬ್ಯಾಕಪ್ಪನ್ನು ಭಾರತದೊಳಗಿನ ಸರ್ವರಿನಲ್ಲೇ, ದಿನವೂ ಇಡಬೇಕು. ಮೊದಲು ಆಗಾಗ ಇಟ್ಟರೆ ಸಾಕಿತ್ತು, 2022ರಲ್ಲಿ ದಿನವೂ ಅಂತ ಮಾಡಿದರು. ಸೈಬರ್ ದಾಳಿಯಾದರೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತೆಯ ಸಂಸ್ಥೆ ಸರ್ಟ್-ಇನ್‌ಗೆ 6 ಗಂಟೆಯೊಳಗೆ ಹೇಳಬೇಕು, ಅದು 2022ರ ಏಪ್ರಿಲ್‌ನ ಆದೇಶ. ಅಂದರೆ ಒಂದು ದಾಳಿ, ಎರಡು ಕಚೇರಿ, ಎರಡು ಗಡಿಯಾರ.

ಬಿಲ್ಲನ್ನು ಆರು ವರ್ಷ ಇಡು ಅನ್ನುವುದು ಅರ್ಥವಾಗುತ್ತದೆ. ಆದರೆ ಸಣ್ಣ ಅಂಗಡಿಯ ಸಾಫ್ಟ್‌ವೇರಿನಲ್ಲಿ ಬಿಲ್ಲು ಬೇರೆ, ಗಿರಾಕಿಯ ಖಾಸಗಿ ವಿವರ ಬೇರೆ ಅಂತ ಇರುವುದಿಲ್ಲ. ಎಲ್ಲಾ ಒಂದೇ ಫೈಲು. ಬ್ಯಾಕಪ್ ಮಾಡಿದರೆ ಇಡೀ ಫೈಲೇ ಅದರೊಳಗೆ ಹೋಗುತ್ತದೆ. ಉಪ್ಪಿನಕಾಯಿ ಭರಣಿಯಲ್ಲಿ ಬಿದ್ದ ಒಂದು ಮಾವಿನ ಮಿಡಿಯನ್ನು ಮುಚ್ಚಳ ತೆಗೆಯದೆ ಹೊರಗೆ ತೆಗೆ ಅಂದ ಹಾಗೆ ನಮ್ಮ ಪಾಡು. ದೊಡ್ಡ ಕಂಪನಿಗಳು ಒಬ್ಬೊಬ್ಬ ಗಿರಾಕಿಯ ಮಾಹಿತಿಗೂ ಬೇರೆ ಬೇರೆ ಗೂಢಲಿಪಿ ಕೀಲಿ ಇಟ್ಟು, ಅಳಿಸು ಅಂದಾಗ ಕೀಲಿಯನ್ನು ಮಾತ್ರ ನಾಶ ಮಾಡುವ ವ್ಯವಸ್ಥೆ ಕಟ್ಟಿಕೊಳ್ಳಬಹುದು. ಆಗ ಬ್ಯಾಕಪ್‌ನಲ್ಲಿ ಉಳಿದದ್ದನ್ನು ಯಾರಿಂದಲೂ ಓದಲಾಗದು. ವರ್ಷಕ್ಕೆ ಕೆಲವು ಸಾವಿರ ರೂಪಾಯಿಯ ಸಾಫ್ಟ್‌ವೇರಿನಲ್ಲಿ ಇದೆಲ್ಲಿಂದ ಬರಬೇಕು?

ಕ್ಲೌಡ್ ಕಂಪನಿಯನ್ನು ಕೇಳಿ ಅನ್ನುತ್ತೀರೇನೋ. ಕೇಳುವುದು ಹೇಗೆ? ಅವರ ಒಪ್ಪಂದ ಇಂಗ್ಲಿಷಿನಲ್ಲಿ ಹತ್ತಾರು ಪುಟ, ಕೆಳಗೆ ಒಂದೇ ಗುಂಡಿ. ಒತ್ತಿದರೆ ಸೇವೆ, ಒತ್ತದಿದ್ದರೆ ಇಲ್ಲ. ಸಾಗರದ ಕನ್ನಡಕದ ಅಂಗಡಿಯವರ ಜೊತೆ ಅವರು ಷರತ್ತು ಮಾತಾಡುತ್ತಾರಾ? ಆದರೆ ಕಾಯ್ದೆಯ ಲೆಕ್ಕದಲ್ಲಿ ಒಪ್ಪಂದದಲ್ಲಿ ಏನೇ ಬರೆದಿರಲಿ, ಹೊಣೆ ಅಂಗಡಿಯವರದೇ. ಈ ಹೊಣೆಯನ್ನು ಬೇಡ ಅನ್ನುತ್ತಿಲ್ಲ. ಹೊರುವ ದಾರಿ ತೋರಿಸಿ ಅನ್ನುತ್ತಿದ್ದೇನೆ.

ದೊಡ್ಡವರೂ ಎಡವಿದ್ದಾರೆ, ಅದೂ ಗೊತ್ತು. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟಿತು. ಬ್ಯಾಕಪ್‌ಗೆ ಬೇರೆ ದುಡ್ಡು ಕೊಟ್ಟಿದ್ದ ಗಿರಾಕಿಗೆ ಆಮೇಲೆ ಗೊತ್ತಾಯಿತು, ಬ್ಯಾಕಪ್ಪೂ ಅದೇ ಜಾಗದಲ್ಲಿತ್ತು ಅಂತ. ಕೋರ್ಟಿಗೆ ಹೋಗಬೇಕಾಯಿತು. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಸರ್ಕಾರಿ ನೌಕರರ ಕಡತಗಳಿದ್ದ 858 ಟೆರಾಬೈಟ್‌ನ ಕ್ಲೌಡ್ ಹೋಯಿತು, ಅದಕ್ಕೆ ಹೊರಗೆ ಬ್ಯಾಕಪ್ಪೇ ಇರಲಿಲ್ಲ. ನಮ್ಮ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ 2022ರ ನವೆಂಬರ್‌ನಲ್ಲಿ ರಾನ್ಸಮ್‌ವೇರ್ ಬಿದ್ದಾಗ ದಿನಗಟ್ಟಲೆ ಕೈಬರಹದ ಚೀಟಿಯಲ್ಲಿ ಕೆಲಸ ನಡೆಯಿತು. ಇದನ್ನೆಲ್ಲ ಹೇಳಿಯೇ ನಾನು ನನ್ನ ಗಿರಾಕಿಗಳಿಗೆ ಬ್ಯಾಕಪ್ ಮಾಡಿಸುವುದು. ಈಗ ಅದೇ ಬಾಯಿಂದ ‘ಬ್ಯಾಕಪ್ ಇದ್ದರೂ ಅಪಾಯ’ ಅಂತ ಹೇಳಬೇಕಾಗಿದೆ. ಅವರು ಹೇಳುವುದೇನು ಗೊತ್ತಾ? ‘ಹಾಗಾದ್ರೆ ಕ್ಲೌಡ್ ಬಂದ್ ಮಾಡಿ, ಪೆನ್‌ಡ್ರೈವ್‌ನಲ್ಲೇ ಇಟ್ಕೊಳ್ತೀವಿ.’ ಆ ಪೆನ್‌ಡ್ರೈವಿಗೆ ಪಾಸ್‌ವರ್ಡ್ ಇರುವುದಿಲ್ಲ. ಸ್ಕೂಟರ್ ಕೀಲಿಯ ಗೊಂಚಲಿನಲ್ಲಿ ತೂಗುತ್ತಿರುತ್ತದೆ.

ಈ ಗೊಂದಲದಲ್ಲಿ ಲಾಭ ಮಾಡಿಕೊಳ್ಳುವವರು ಬಂದಾಗಿದೆ. ಹೋದ ತಿಂಗಳು ಒಂದು ಹೋಮ್‌ಸ್ಟೇಗೆ ಟೈ ಕಟ್ಟಿಕೊಂಡ ಇಬ್ಬರು ಬಂದು ‘ಡಿಪಿಡಿಪಿ ಸರ್ಟಿಫಿಕೇಟ್’ (ಈ ಕಾಯ್ದೆಯ ಇಂಗ್ಲಿಷ್ ಹೆಸರಿನ ಚುಟುಕು) ಮಾಡಿಕೊಡುತ್ತೇವೆ, ಇಲ್ಲದಿದ್ದರೆ 250 ಕೋಟಿ ದಂಡ ಅಂದರಂತೆ. ನಾಲ್ಕು ರೂಮಿನ ಹೋಮ್‌ಸ್ಟೇ ಅದು. ಮನೆಯ ಯಜಮಾನ್ತಿ ನನಗೆ ಫೋನ್ ಮಾಡಿ, ‘ತೋಟ ಎಲ್ಲಾ ಮಾರಿದ್ರೂ 250 ಕೋಟಿ ಆಗಲ್ಲ, ಎಂತ ಮಾಡೋದು?’ ಅಂತ ಕೇಳಿದರು. ಭದ್ರತೆಯಲ್ಲಿ ಲೋಪವಾದರೆ 250 ಕೋಟಿಯವರೆಗೆ ಅಂತ ಕಾಯ್ದೆಯ ಪಟ್ಟಿಯಲ್ಲಿ ಇರುವುದು ನಿಜ. ‘ವರೆಗೆ’ ಅನ್ನುವ ಪದವನ್ನು ಬಂದವರು ನುಂಗಿದ್ದರು. ತಪ್ಪು ಎಷ್ಟು ದೊಡ್ಡದು, ಎಷ್ಟು ದಿನ ನಡೆಯಿತು, ಸರಿಪಡಿಸಲು ಏನು ಮಾಡಿದರು, ದಂಡದ ಪರಿಣಾಮ ಏನಾದೀತು ಅಂತೆಲ್ಲಾ ಮಂಡಳಿ ನೋಡಬೇಕು ಅಂತಲೂ ಕಾಯ್ದೆಯಲ್ಲೇ ಇದೆ, ಅದನ್ನು ಹೇಳಲೇ ಇಲ್ಲ. ಅಂಗಡಿಯವರು ತೂಗುಹಾಕಿಕೊಳ್ಳಬೇಕಾದ ಸರ್ಟಿಫಿಕೇಟಿನ ಮಾತು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಅದೇ ಮನೆಯಲ್ಲಿ ಎರಡು ವರ್ಷದಿಂದ ಬಂದ ಅತಿಥಿಗಳ ಆಧಾರ್ ಫೋಟೋಗಳೆಲ್ಲ ಅವರ ಮಗನ ಫೋನಿನಲ್ಲಿ, ಅವನ ಕಾಲೇಜಿನ ಟ್ರಿಪ್ಪಿನ ಫೋಟೋಗಳ ನಡುವೆ ಕೂತು ಕ್ಲೌಡಿಗೆ ಹೋಗುತ್ತಿದ್ದವು. ಟೈ ಕಟ್ಟಿದವರು ಅದನ್ನು ಕೇಳಲೇ ಇಲ್ಲ. ನಾನು ಹೋಗಿ ತೆಗೆಸಿದೆ, ಅರ್ಧ ದಿನ ಹಿಡಿಯಿತು.

ಹಾಗಂತ ಸಣ್ಣವರಿಗೆಲ್ಲ ವಿನಾಯಿತಿ ಕೊಡಿ ಅಂತ ನಾನು ಕೇಳುತ್ತಿಲ್ಲ. 17ನೇ ಕಲಂ ಪ್ರಕಾರ ಕೆಲವು ವರ್ಗದವರನ್ನು, ಸ್ಟಾರ್ಟಪ್‌ಗಳನ್ನೂ ಸೇರಿಸಿ, ಅಳಿಸುವ ಹೊಣೆಯಿಂದ ಬಿಡಲು ನಿಮಗೆ ಅಧಿಕಾರ ಇದೆ. ವ್ಯಾಪಾರಿಗಳ ಸಂಘದ ಕೆಲವರು ಅದನ್ನೇ ಕೇಳೋಣ ಅಂದರು. ನಾನು ಒಪ್ಪಲಿಲ್ಲ. ಬೆಂಗಳೂರಿನಲ್ಲಿ ಒಂದು ರಿಪೋರ್ಟ್ ಸೋರಿದರೆ ಅದು ಯಾರದು ಅಂತ ಪಕ್ಕದ ಮನೆಯವರಿಗೂ ಗೊತ್ತಾಗಲಿಕ್ಕಿಲ್ಲ. ನಮ್ಮಲ್ಲಿ ಹೆಸರು ಬೇಡ, ಊರು ಮತ್ತು ವಯಸ್ಸು ಹೇಳಿದರೆ ಸಾಕು, ‘ಓ, ಇಂಥವರ ಮಗಳು’ ಅನ್ನುತ್ತಾರೆ. ಸಣ್ಣ ಊರಿನಲ್ಲಿ ಸಣ್ಣ ಲ್ಯಾಬಿನ ಒಂದು ಹಾಳೆ ಮಾಡುವ ಹಾನಿ ಸಣ್ಣದಲ್ಲ. 2011ರ ಹಳೇ ನಿಯಮಗಳಲ್ಲಿ ಆರೋಗ್ಯದ ಮಾಹಿತಿಯನ್ನು ಸೂಕ್ಷ್ಮ ಅಂತ ಬೇರೆ ಇಟ್ಟಿದ್ದಿರಿ. ಹೊಸ ಕಾಯ್ದೆಯಲ್ಲಿ ಆ ಭೇದ ಇಲ್ಲ, ಕನ್ನಡಕದ ನಂಬರೂ ಒಂದೇ, ಅವಳ ರಿಪೋರ್ಟೂ ಒಂದೇ.

ಇನ್ನೊಂದು ನೋವು ಇದೆ. ಹಳೇ ಐಟಿ ಕಾಯ್ದೆಯ 43ಎ ಕಲಂನಲ್ಲಿ, ಇಂಥ ಸೂಕ್ಷ್ಮ ಮಾಹಿತಿ ಕಾಪಾಡುವುದರಲ್ಲಿ ನಿರ್ಲಕ್ಷ್ಯ ಮಾಡಿ ನಷ್ಟ ಮಾಡಿದವರಿಂದ ನೊಂದವರು ಪರಿಹಾರ ಕೇಳಬಹುದಿತ್ತು. ಅದನ್ನು ತೆಗೆದುಹಾಕಲು ಹೊಸ ಕಾಯ್ದೆಯಲ್ಲೇ ಬರೆದಿದ್ದೀರಿ. ಇನ್ನು ಮಂಡಳಿ ಹಾಕುವ ದಂಡ ಭಾರತದ ಸಂಚಿತ ನಿಧಿಗೆ ಹೋಗುತ್ತದೆ. ಲ್ಯಾಬಿನವರಿಗೆ ನೀವು ಎಷ್ಟೇ ದಂಡ ಹಾಕಿದರೂ ಆ ಹುಡುಗಿಯ ಕೈಗೆ ಬಸ್ ಚಾರ್ಜೂ ಸಿಗುವುದಿಲ್ಲ. ಈ ವಿಚಾರ ನನ್ನ ಬ್ಯಾಕಪ್ಪಿನ ಪ್ರಶ್ನೆಗಿಂತ ದೊಡ್ಡದು. ಸಂಸತ್ತೇ ನೋಡಬೇಕಾದ್ದು. ಆದರೂ ಹೇಳದೆ ಇರಲಾಗಲಿಲ್ಲ.

ಈಗ ನನ್ನ ಬೇಡಿಕೆಗೆ ಬರುತ್ತೇನೆ.

ಮುಖ್ಯವಾದದ್ದು ಒಂದೇ. ಅಳಿಸಿ ಅಂತ ಯಾರಾದರೂ ಕೇಳಿದಾಗ ಬ್ಯಾಕಪ್‌ನಲ್ಲಿ ಉಳಿದಿರುವುದಕ್ಕೆ ಏನು ಮಾಡಬೇಕು ಅಂತ ಬರಹದಲ್ಲಿ ಹೇಳಿ. ಬ್ರಿಟನ್ನಿನಲ್ಲಿ ಈ ಕೆಲಸ ನೋಡುವ ಮಾಹಿತಿ ಆಯುಕ್ತರ ಕಚೇರಿ ಇದನ್ನು ಬಹಳ ಹಿಂದೆಯೇ ಹೇಳಿದೆ. ಬ್ಯಾಕಪ್‌ನಿಂದ ಕೂಡಲೇ ಅಳಿಸಲಾಗದಿದ್ದರೆ, ಅದು ತನ್ನ ಸರದಿಯಲ್ಲಿ ಹೋಗುವವರೆಗೆ ಅದನ್ನು ಯಾವ ಕೆಲಸಕ್ಕೂ ಬಳಸದ ಹಾಗೆ ಇಡಿ, ಕೇಳಿದವರಿಗೆ ಬ್ಯಾಕಪ್ ಏನಾಗುತ್ತದೆ ಅಂತ ಮುಚ್ಚುಮರೆಯಿಲ್ಲದೆ ಹೇಳಿ ಅಂತ. ನಮಗೂ ಇಂಥದ್ದೊಂದು ಬೇಕು. ಬ್ಯಾಕಪ್ ಸರದಿ ಹೆಚ್ಚೆಂದರೆ ಎಷ್ಟು ದಿನ ಇರಬಹುದು? 30? 90? ರಿಸ್ಟೋರ್ ಮಾಡಿದರೆ ಎಷ್ಟು ಹೊತ್ತಿನೊಳಗೆ ಮತ್ತೆ ಅಳಿಸಬೇಕು? ರಾನ್ಸಮ್‌ವೇರ್ ಭಯಕ್ಕೆ ಹಾಕಿದ ಬೀಗ ತಪ್ಪಲ್ಲ ಅಂತ ಒಂದು ಸಾಲು ಬರೆಯುತ್ತೀರಾ? ಒಂದು ವರ್ಷ ಇಡಬೇಕು ಅನ್ನುವ ನಿಯಮ ಅಳಿಸು ಅನ್ನುವ ಕೋರಿಕೆಗಿಂತ ಮೇಲೋ ಕೆಳಗೋ? ಇಷ್ಟಕ್ಕೆ ಎರಡು ಪುಟ ಸಾಕು. ಆ ಎರಡು ಪುಟ ಇದ್ದಿದ್ದರೆ ಅವತ್ತು ನಾನು ‘ಹೋಯ್ತಮ್ಮ’ ಅನ್ನುವ ಬದಲು ‘ಕಂಪ್ಯೂಟರಿನಿಂದ ಹೋಯಿತು, ಬ್ಯಾಕಪ್‌ನಿಂದ ಮೂವತ್ತು ದಿನದೊಳಗೆ ಹೋಗುತ್ತದೆ, ಅಲ್ಲಿಯವರೆಗೆ ಯಾರೂ ತೆರೆಯುವುದಿಲ್ಲ’ ಅಂತ ನಿಜ ಹೇಳುತ್ತಿದ್ದೆ.

ಆ ಎರಡು ಪುಟ ಕನ್ನಡದಲ್ಲಿ ಇರಲಿ. ವ್ಯಾಪಾರಸ್ಥರು ಗಿರಾಕಿಗಳಿಗೆ ಕೊಡುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಇರಬೇಕು ಅಂತ ನೀವೇ ಕಾಯ್ದೆಯಲ್ಲಿ ಹೇಳಿದ್ದೀರಿ. ಒಳ್ಳೆಯದು. ಆದರೆ ಕನ್ನಡಕದ ಅಂಗಡಿಯವರು ಆ ಸೂಚನೆಯನ್ನು ಕನ್ನಡದಲ್ಲಿ ಬರೆಯಬೇಕಾದರೆ ಮೊದಲು ಅವರಿಗೆ ಕನ್ನಡದಲ್ಲಿ ಅರ್ಥವಾಗಬೇಕು, ಅಲ್ವಾ? ನನ್ನ ನಲವತ್ತು ಗಿರಾಕಿಗಳಲ್ಲಿ ಒಬ್ಬರ ಕೈಗೂ ಇದುವರೆಗೆ ಕನ್ನಡದ ಒಂದು ಹಾಳೆ ತಲುಪಿಲ್ಲ. ಸೂಚನೆಯ ಮಾದರಿ, ಬ್ಯಾಕಪ್ ನೋಡಿಕೊಳ್ಳುವ ನನ್ನಂಥವರ ಜೊತೆ ಮಾಡಿಕೊಳ್ಳುವ ಒಪ್ಪಂದದ ಮಾದರಿ, ಎರಡನ್ನೂ ಕನ್ನಡದಲ್ಲಿ ಕೊಟ್ಟರೆ ಅರ್ಧ ಕೆಲಸ ಮುಗಿಯುತ್ತದೆ. ದಯವಿಟ್ಟು ‘ದತ್ತಾಂಶ ನ್ಯಾಸಧಾರಿ’ ಅಂತೆಲ್ಲಾ ಬರೆಸಬೇಡಿ. ‘ಮಾಹಿತಿ ಇಟ್ಟುಕೊಂಡವರು’ ಅಂದರೆ ಸಾಕು, ಮಂಡಿಯವರಿಗೂ ತಿಳಿಯುತ್ತದೆ.

ಸರ್ಟಿಫಿಕೇಟ್ ಮಾರುವವರ ಬಗ್ಗೆ ಒಂದು ಪ್ರಕಟಣೆ ಹೊರಡಿಸಿ. ಅಂಗಡಿಗಳಿಗೆ ಬಿಲ್ಲಿಂಗ್ ಮತ್ತು ಲ್ಯಾಬ್ ಸಾಫ್ಟ್‌ವೇರ್ ಮಾರುವ ಕಂಪನಿಗಳನ್ನೂ ಕರೆದು ಮಾತಾಡಿ. ಅಳಿಸಿದ್ದು ರಿಸ್ಟೋರ್ ಆದ ಮೇಲೂ ತಾನಾಗಿ ಮತ್ತೆ ಅಳಿಯುವ ಹಾಗೆ ಅವರು ಒಂದು ಸಲ ಮಾಡಿಕೊಟ್ಟರೆ ಸಾವಿರಾರು ಅಂಗಡಿಗಳ ತಲೆನೋವು ಹೋಗುತ್ತದೆ. ನಲವತ್ತು ಅಂಗಡಿಯಲ್ಲಿ ನಾನೊಬ್ಬ ಕೈಯಲ್ಲಿ ಮಾಡುವುದು ಎಷ್ಟು ದಿನ ನಡೆದೀತು?

ನಿಯಮಗಳ ಮುಖ್ಯ ಭಾಗ ಪ್ರಕಟವಾಗಿ 18 ತಿಂಗಳಿಗೆ ಜಾರಿ ಅಂತ ಹೇಳಿದ್ದೀರಿ. ಲೆಕ್ಕ ಹಾಕಿದರೆ 2027ರ ಮೇ. ಸರಿಯಾಗಿ ನಮ್ಮ ಸಿಡಿಲಿನ ತಿಂಗಳು. ಅದಕ್ಕೆ ಮುಂಚೆ ಉತ್ತರ ಬಂದರೆ ಉಪಕಾರವಾಗುತ್ತದೆ.

ಅಲ್ಲಿಯವರೆಗೆ ನಾನು ಮಾಡಿಕೊಂಡ ವ್ಯವಸ್ಥೆ ಹೇಳಿಬಿಡುತ್ತೇನೆ, ತಪ್ಪಿದ್ದರೆ ತಿದ್ದಿ. ರಿಸ್ಟೋರ್ ಆದ ಮೇಲೆ ಯಾರ್ಯಾರನ್ನು ಮತ್ತೆ ಅಳಿಸಬೇಕು ಅಂತ ನೆನಪಿಡಲು ಒಂದು ಪಟ್ಟಿ ಬೇಕಲ್ಲ. ಮೊದಲು ಹೆಸರು ಬರೆದೆ. ಬರೆದ ಮೇಲೆ ಹೊಳೆಯಿತು, ‘ನನ್ನ ಹೆಸರು ಇಡಬೇಡಿ’ ಅಂದವರ ಹೆಸರುಗಳದ್ದೇ ಒಂದು ಪಟ್ಟಿ ಮಾಡಿ ಇಟ್ಟುಕೊಂಡಿದ್ದೇನೆ! ಆ ಹಾಳೆ ಹರಿದು ಒಲೆಗೆ ಹಾಕಿದೆ. ಈಗ ಬರೀ ಬಿಲ್ ನಂಬರು ಬರೆಯುತ್ತೇನೆ, ನೂರು ಪುಟದ ಶಾಲೆ ನೋಟ್‌ಬುಕ್ಕಿನಲ್ಲಿ, ನೀಲಿ ಪೆನ್ನಿನಲ್ಲಿ. ಇವತ್ತಿಗೆ ಹನ್ನೊಂದು ನಂಬರ್ ಇದೆ. ಮೊದಲನೆಯದು ಅವಳದು. ಪುಸ್ತಕ ಅಂಗಡಿಯ ಡ್ರಾಯರಿನಲ್ಲಿದೆ, ಡ್ರಾಯರಿಗೆ ಬೀಗ ಇದೆ, ಕೀಲಿ ನನ್ನ ಜೇಬಿನಲ್ಲಿದೆ. ಇದಕ್ಕೆ ಬ್ಯಾಕಪ್ ಇಲ್ಲ.

ಇದು ಕಾಯ್ದೆಗೆ ಒಪ್ಪುತ್ತದೋ ಇಲ್ಲವೋ ತಿಳಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಸಾಗರದ ಒಬ್ಬ ಕಂಪ್ಯೂಟರ್ ಸರ್ವಿಸ್ ಅಂಗಡಿಯವನು